ಖಾಲಿ ತೋಟೆಗೆ ಎರಡನೇ ಜನ್ಮ: ಅಮೆರಿಕದ ಮನೆಗಳಿಗೆ ಬಂದ ಒತ್ತುಯಂತ್ರದ ಕಥೆ

ಮಲೆನಾಡಿನ ಹಳಬರು ಕೋವಿಯನ್ನು ಎರಡೇ ಜಾತಿಯಾಗಿ ವಿಂಗಡಿಸುತ್ತಾರೆ. ಒಂದು ಕೇಪಿನ ಕೋವಿ, ಇನ್ನೊಂದು ತೋಟೆ ಕೋವಿ. ಕೇಪಿನ ಕೋವಿಗೆ ನಳಿಗೆಯ ಬಾಯಿಯಿಂದ ಮಸಿ ಸುರಿದು, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಹಾಕಿ, ಹಿಂದೆ ಕೇಪು ಇಡಬೇಕು. ತೋಟೆ ಕೋವಿಯಲ್ಲಿ ಇದೆಲ್ಲ ಒಂದೇ ಕೊಳವೆಯೊಳಗೆ ಸಿದ್ಧವಾಗಿ ಬರುತ್ತದೆ. ಮಡಚಿ, ತೂರಿಸಿ, ಮುಚ್ಚಿದರೆ ಆಯಿತು. ಈಡು ಹೊಡೆದ ಮೇಲೆ ಖಾಲಿ ತೋಟೆ ಮಕ್ಕಳ ಆಟದ ಪೀಪಿ.

ಆ ಖಾಲಿ ತೋಟೆಯನ್ನು ಬಿಸಾಡದೆ ಮನೆಯಲ್ಲೇ ಮತ್ತೆ ತುಂಬುವ ಒಂದು ಇಡೀ ಲೋಕ ಅಮೆರಿಕದಲ್ಲಿದೆ. ಅದಕ್ಕೆ ಅವರು ಬಳಸುವುದು ಮೇಜಿಗೆ ಬೋಲ್ಟು ಹಾಕಿ ಬಿಗಿದ, ಉದ್ದ ಹಿಡಿಕೆಯ ಒಂದು ಕಬ್ಬಿಣದ ಪ್ರೆಸ್. ಅದರ ವಿಡಿಯೋಗಳು ಈಗ ನಮ್ಮ ಹುಡುಗರ ಫೋನಿಗೂ ಬರುತ್ತಿವೆ. ಹಿಡಿಕೆ ಎಳೆದರೆ ಮೇಲೆ, ಬಿಟ್ಟರೆ ಕೆಳಗೆ, ಟಕ್ ಎಂದು ಫಳಫಳ ಹೊಳೆಯುವ ತೋಟೆ ಡಬ್ಬಿಗೆ ಬೀಳುತ್ತದೆ. ನೋಡಿದರೆ ನಮ್ಮ ಮನೆಯ ಶಾವಿಗೆ ಒರಳಿನಷ್ಟೇ ಸಲೀಸು ಅನ್ನಿಸುತ್ತದೆ. "ಇದನ್ನು ನಾವೂ ತರಿಸಬಹುದಲ್ಲ?" ಎಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡುವ ಮೊದಲು ಈ ಯಂತ್ರ ಎಲ್ಲಿಂದ ಬಂತು, ಅಲ್ಲಿ ಮಾತ್ರ ಯಾಕೆ ಬೆಳೆಯಿತು ಎಂಬುದನ್ನು ನೋಡಬೇಕು. ಅದು ಯಂತ್ರದ ಕಥೆ ಎಷ್ಟೋ ಅಷ್ಟೇ ಕಾನೂನಿನ ಕಥೆ.

ಒಂದು ಕಾಲದಲ್ಲಿ ಕೋವಿ ಇದ್ದವರೆಲ್ಲರೂ ತಮ್ಮ ಮದ್ದುಗುಂಡನ್ನು ತಾವೇ ಸಿದ್ಧ ಮಾಡಿಕೊಳ್ಳುತ್ತಿದ್ದರು. ಅಮೆರಿಕದ ಗಡಿನಾಡಿನ ರೈತ ಕೋವಿ ಕೊಂಡರೆ ಅದರ ನಳಿಗೆಗೆ ಸರಿಹೊಂದುವ ಗುಂಡಿನ ಅಚ್ಚೂ ಜೊತೆಗೆ ಬರುತ್ತಿತ್ತು. ಒಲೆಯ ಮೇಲೆ ಸೀಸ ಕರಗಿಸಿ ಅಚ್ಚಿಗೆ ಹೊಯ್ಯುವುದು ಮನೆಗೆಲಸಗಳಲ್ಲಿ ಒಂದು. ಆಗ ಕಿಡಿ ಕೊಡುತ್ತಿದ್ದುದು ಚಕಮಕಿ ಕಲ್ಲು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಕಲ್ಲಿನ ಕಿಡಿ ಕಂಡ ಕೂಡಲೇ ಹಕ್ಕಿಗಳು ಹಾರಿಬಿಡುತ್ತಿದ್ದವು. ಆ ಬೇಸರದಲ್ಲಿ ಆತ, ಪೆಟ್ಟು ಬಿದ್ದರೆ ತಾನೇ ಸಿಡಿಯುವ ರಾಸಾಯನಿಕ ಬಳಸಿ 1807ರಲ್ಲಿ ಪೇಟೆಂಟ್ ಪಡೆದ. ನಮ್ಮ ಕೇಪಿನ ಕೋವಿಯ ಕೇಪಿಗೆ ಮೂಲ ಆ ಪಾದ್ರಿಯ ಹಕ್ಕಿ ಶಿಕಾರಿ.

ತೋಟೆ ಎಂಬುದೂ ಮೊದಲು ಲೋಹದ್ದಲ್ಲ, ಕಾಗದದ್ದು. ಒಂದು ಈಡಿಗೆ ಬೇಕಾದ ಮದ್ದು ಮತ್ತು ಗುಂಡನ್ನು ಕಾಗದದಲ್ಲಿ ಸುತ್ತಿದ ಪೊಟ್ಟಣ. ಸೈನಿಕ ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಎನ್‌ಫೀಲ್ಡ್ ಬಂದೂಕಿನ ಆ ಪೊಟ್ಟಣಕ್ಕೆ ಸವರಿದ ಕೊಬ್ಬು ದನದ್ದೋ ಹಂದಿಯದೋ ಎಂಬ ಗುಮಾನಿಯೇ 1857ರಲ್ಲಿ ಕಂಪನಿ ಸರ್ಕಾರವನ್ನು ಅಲುಗಾಡಿಸಿದ್ದು ಶಾಲೆಯಲ್ಲಿ ಓದಿದ್ದೇವೆ. ಅದರ ಬೆನ್ನಿಗೇ ನಿಶ್ಶಸ್ತ್ರೀಕರಣ ಕಾಯ್ದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಪ್ಪಲಿಲ್ಲ. 1857ರ ನವೆಂಬರಿನಲ್ಲಿ ದಂಡು ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಹಲಗಲಿಯ ಲಾವಣಿ ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದಾದ ಹತ್ತೇ ವರ್ಷದೊಳಗೆ ಕಾಗದ ಹೋಗಿ ಹಿತ್ತಾಳೆ ಬಂತು. ಹಿತ್ತಾಳೆಯ ಗುಣ ನಮ್ಮ ಕಂಚುಗಾರರಿಗೆ ಚೆನ್ನಾಗಿ ಗೊತ್ತು. ಮದ್ದು ಸಿಡಿದಾಗ ಅದು ಉಬ್ಬಿ ನಳಿಗೆಯ ಗೋಡೆಗೆ ಅಂಟಿ ಹೊಗೆ ಹಿಂದಕ್ಕೆ ಬಾರದಂತೆ ತಡೆಯುತ್ತದೆ, ಒತ್ತಡ ಇಳಿದ ಮೇಲೆ ತುಸು ಕುಗ್ಗಿ ಸಡಿಲವಾಗುತ್ತದೆ. ಸುಟ್ಟದ್ದು ಮದ್ದು, ಹಾರಿದ್ದು ಗುಂಡು, ಸತ್ತದ್ದು ಕೇಪು. ಕೊಳವೆ ಮಾತ್ರ ಹಾಗೇ ಉಳಿದಿದೆ, ತೋಟೆಯಲ್ಲಿ ದುಬಾರಿ ಭಾಗವೂ ಅದೇ. ಅದನ್ನು ಬಿಸಾಡಲು ಯಾವ ರೈತನಿಗೆ ಮನಸ್ಸು ಬರುತ್ತದೆ?

ಇಲ್ಲಿ ಇತಿಹಾಸ ಒಂದು ತಮಾಷೆ ಮಾಡಿತು. 1866ರಲ್ಲಿ ಇಬ್ಬರು ಎರಡು ಬಗೆಯ ಕೇಪು ಕಂಡುಹಿಡಿದರು. ಒಬ್ಬ ಅಮೆರಿಕದ ಹೈರಮ್ ಬರ್ಡನ್, ಇನ್ನೊಬ್ಬ ಇಂಗ್ಲೆಂಡಿನ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್. ಕೇಪು ಸಿಡಿಯಬೇಕಾದರೆ ಸುತ್ತಿಗೆಯ ಪೆಟ್ಟಿಗೆ ಎದುರಾಗಿ ಅಡಿಗಲ್ಲಿನಂಥದ್ದೊಂದು ಬೇಕಲ್ಲ, ಬರ್ಡನ್ ಅದನ್ನು ಕೊಳವೆಯ ತಳದಲ್ಲೇ ಮೂಡಿಸಿದ. ಕಿಡಿ ಒಳಗೆ ಹೋಗಲು ಅದರ ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ಸಣ್ಣ ತೂತು. ಬಾಕ್ಸರ್ ಅಡಿಗಲ್ಲನ್ನು ಕೇಪಿನೊಳಗೇ ಕೂರಿಸಿದ. ಹಾಗಾಗಿ ಅವನ ತೋಟೆಯ ತಳದಲ್ಲಿ ನಡುಮಧ್ಯೆ ಒಂದೇ ತೂತು. ಒಳಗಿನಿಂದ ಒಂದು ಸೂಜಿ ತೂರಿಸಿದರೆ ಸತ್ತ ಕೇಪು ಹೊರಗೆ ಬೀಳುತ್ತದೆ. ಬರ್ಡನ್ ಬಗೆಯದರಲ್ಲಿ ಈ ಕೆಲಸ ದೊಡ್ಡ ರಗಳೆ.

ಅಮೆರಿಕದವನ ಬಗೆ ಯುರೋಪಿನಲ್ಲಿ ನೆಲೆ ನಿಂತಿತು, ಇಂಗ್ಲೆಂಡಿನವನ ಬಗೆ ಅಮೆರಿಕದಲ್ಲಿ. ಅಮೆರಿಕದ ಮನೆಗಳಲ್ಲಿ ತೋಟೆ ಮರುತುಂಬುವ ಅಭ್ಯಾಸ ಇಷ್ಟು ಹರಡಿದ್ದಕ್ಕೆ ಜನ ನಾನಾ ಕಾರಣ ಹೇಳುತ್ತಾರೆ. ನನ್ನ ಮಟ್ಟಿಗೆ ಆ ನಡುಮಧ್ಯದ ಒಂದು ತೂತೇ ಬಹಳ ದೊಡ್ಡ ಕಾರಣ.

1870ರ ದಶಕದಲ್ಲಿ ಈ ಕೆಲಸದ ಭಯಂಕರ ಮುಖವೂ ಕಾಣಿಸಿತು. ಅಮೆರಿಕದ ನಡುನಾಡಿನ ಹುಲ್ಲುಗಾವಲಿನಲ್ಲಿ ಕೋಟಿಗಟ್ಟಲೆ ಕಾಡೆಮ್ಮೆಗಳಿದ್ದವು. ಬೈಸನ್ ಎಂದರೆ ನಮ್ಮ ಕಾಟಿಯ ದೂರದ ನೆಂಟ. ಅವುಗಳ ಚರ್ಮಕ್ಕೆ ಕಾರ್ಖಾನೆಗಳಿಂದ ಬೇಡಿಕೆ ಬಂತು, ಸಾಗಿಸಲು ರೈಲು ಬಂತು. ಬೇಟೆಗಾರರು ಪೇಟೆಯಿಂದ ಸಿದ್ಧ ತೋಟೆ ತರುವುದಕ್ಕಿಂತ ಪೀಪಾಯಿ ಮದ್ದು, ಸೀಸದ ಗಟ್ಟಿ, ಕೇಪಿನ ಡಬ್ಬಿ ತರುವುದೇ ಅಗ್ಗ ಎಂದು ಕಂಡುಕೊಂಡರು. ಹಗಲೆಲ್ಲ ಹೊಡೆಯುವುದು, ರಾತ್ರಿ ಬಿಡಾರದ ಬೆಂಕಿ ಪಕ್ಕ ಕೂತು ಅದೇ ಕೊಳವೆಗಳನ್ನು ಕೈ ಉಪಕರಣದಿಂದ ತುಂಬುವುದು. 1889ರಲ್ಲಿ ವಿಲಿಯಂ ಹಾರ್ನಡೇ ಎಂಬ ಪ್ರಾಣಿಶಾಸ್ತ್ರಜ್ಞ ಲೆಕ್ಕ ಹಾಕಿದಾಗ ಉಳಿದದ್ದು ಸಾವಿರದ ಆಸುಪಾಸು. ಆ ಹುಲ್ಲುಗಾವಲಿನ ಮೂಲನಿವಾಸಿಗಳ ಊಟ, ಬಟ್ಟೆ, ಗುಡಾರ ಎಲ್ಲವೂ ಆ ಪ್ರಾಣಿಯ ಜೊತೆಗೇ ಹೋಯಿತು. ಕೈಗೆಟಕುವ ತೋಟೆ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

1884ರಲ್ಲಿ ಜಾನ್ ಬಾರ್ಲೋ ಎಂಬಾತ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಐಡಿಯಲ್ ಎಂಬ ಕಂಪನಿ ತೆರೆದ. ಅವನ ಉಪಕರಣ ನೋಡಲು ಇಕ್ಕಳದ ಹಾಗೆ, ಅಡಕತ್ತರಿಯ ಅಣ್ಣ ಎನ್ನಬಹುದು. ಕೆಲವು ಮಾದರಿಗಳ ತುದಿಯಲ್ಲೇ ಗುಂಡಿನ ಅಚ್ಚು. ಜೇಬಿನಲ್ಲಿಟ್ಟುಕೊಂಡು ಕಾಡಿಗೆ ಹೋಗಬಹುದಿತ್ತು. ಆ ಕಂಪನಿ ಕೈಬದಲಾಗಿ 1925ರಲ್ಲಿ ಲೈಮನ್ ಎಂಬ ಇನ್ನೊಂದು ಕಂಪನಿಯ ಪಾಲಾಯಿತು. ಲೈಮನ್ ಹೆಸರು ಈ ಕಸುಬಿನಲ್ಲಿ ಇಂದಿಗೂ ನಡೆಯುತ್ತಿದೆ.

ಇಕ್ಕಳ ಯಾಕೆ ಸಾಲದಾಯಿತು? ಮದ್ದು ಬದಲಾಯಿತು, ಅದಕ್ಕೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಹೊಗೆಯಿಲ್ಲದ ಮದ್ದು ತಯಾರಿಸಿದ. ಹಳೇ ಕರಿ ಮಸಿ ಇದ್ದಿಲು, ಗಂಧಕ, ಪೆಟ್ಲುಪ್ಪಿನ ಮಿಶ್ರಣ. ಹೊಗೆ ಜಾಸ್ತಿ, ಒತ್ತಡ ಕಡಿಮೆ. ಹೊಸದು ಅದಕ್ಕೆ ತದ್ವಿರುದ್ಧ. ಕೊಳವೆ ಈಗ ಎಷ್ಟು ಬಲವಾಗಿ ಉಬ್ಬುತ್ತದೆಂದರೆ ಅದನ್ನು ಮತ್ತೆ ಮೊದಲಿನ ಅಳತೆಗೆ ಹಿಂಡಲು ಮುಷ್ಟಿಯ ಬಲ ಸಾಲದು. ಇನ್ನೊಂದು ಪೇಚೂ ಎದುರಾಯಿತು. ಆಗಿನ ಕೇಪಿನಲ್ಲಿ ಪಾದರಸದ ಸಂಯುಕ್ತ ಇರುತ್ತಿತ್ತು. ಕರಿ ಮಸಿಯ ಕಾಲದಲ್ಲಿ ರಾಶಿ ಬೂದಿಯೊಳಗೆ ಆ ಪಾದರಸ ಅಡಗಿ ಹೋಗುತ್ತಿತ್ತು. ಬೂದಿಯೇ ಇಲ್ಲದ ಹೊಸ ಮದ್ದಿನಲ್ಲಿ ಅದು ನೇರ ಹಿತ್ತಾಳೆಗೆ ಹಿಡಿದು ಕೊಳವೆಯನ್ನು ಹಪ್ಪಳದಂತೆ ಪೆಡಸು ಮಾಡಿತು. ಎರಡನೇ ಸಲ ತುಂಬಿದ ತೋಟೆ ಬಿರಿಯತೊಡಗಿತು. ಪಾದರಸವಿಲ್ಲದ ಕೇಪು ಬಂದ ಮೇಲೆಯೇ ಮರುತುಂಬುವವರು ನೆಮ್ಮದಿಯ ಉಸಿರು ಬಿಟ್ಟದ್ದು.

ಮುಷ್ಟಿಯ ಬಲ ಸಾಲದಿದ್ದಾಗ ಸನ್ನೆಗೋಲು ಬರಲೇಬೇಕು. 1930ರ ದಶಕದ ಹೊತ್ತಿಗೆ ಪೆಸಿಫಿಕ್ ಎಂಬ ಕಂಪನಿಯ ಪ್ರೆಸ್ ಮೇಜಿನ ಮೇಲೆ ಕೂತಿತ್ತು. ಇಂಗ್ಲಿಷಿನ ಸಿ ಅಕ್ಷರದ ಆಕಾರದ ಚೌಕಟ್ಟು, ಕೆಳಗಿನಿಂದ ಮೇಲೇರುವ ಒಂದು ದಪ್ಪ ಕಂಬಿ, ಪಕ್ಕದಲ್ಲಿ ಹಿಡಿಕೆ. ಮೇಲುಗಡೆ ತಿರುಪಿ ಕೂರಿಸುವ ಉಕ್ಕಿನ ಅಚ್ಚಿಗೆ ಡೈ ಎನ್ನುತ್ತಾರೆ. ಈ ಡೈಯ ಮರೆ ಎಂಟರಲ್ಲಿ ಏಳು ಭಾಗ ಇಂಚು ದಪ್ಪ, ಇಂಚಿಗೆ 14 ಸುತ್ತು. ಆ ಅಳತೆ ಕ್ರಮೇಣ ಎಲ್ಲ ಕಂಪನಿಗಳ ಅಳತೆಯಾಯಿತು. ಅಜ್ಜನ ಕಾಲದ ಡೈ ಮೊಮ್ಮಗ ಇವತ್ತು ತರಿಸಿದ ಪ್ರೆಸ್ಸಿಗೆ ಸಲೀಸಾಗಿ ಕೂರುತ್ತದೆ. ನಮ್ಮ ಮೊಬೈಲ್ ಚಾರ್ಜರುಗಳ ಕಥೆ ಗೊತ್ತಿರುವವರಿಗೆ ಇದರ ಬೆಲೆ ಅರ್ಥವಾಗುತ್ತದೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಕಾರ್ಖಾನೆಗಳೆಲ್ಲ ಸೇನೆಗೆ ದುಡಿದವು. ಸಾಮಾನ್ಯ ಬೇಟೆಗಾರನಿಗೆ ತೋಟೆ, ಗುಂಡು ಸಿಗುವುದೇ ಕಷ್ಟವಾಯಿತು. ಆ ಬರದಲ್ಲೇ ಈ ಕಸುಬಿನ ದೊಡ್ಡ ಹೆಸರುಗಳು ಹುಟ್ಟಿದವು. ಕ್ಯಾಲಿಫೋರ್ನಿಯಾದ ಓರೋವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಎಂಬಾತನ ಮನೆತನಕ್ಕೆ ಬಟ್ಟೆ ಒಗೆಯುವ ಲಾಂಡ್ರಿ ಅಂಗಡಿ ಇತ್ತು. ಅಂಗಡಿಯ ಹಿಂಬದಿಯಲ್ಲಿ ಕೂತು ಆತ 1943ರಲ್ಲಿ, ಬಿಸಾಡಿದ ಪುಟ್ಟ ತೋಟೆಗಳ ಕೊಳವೆಯಿಂದಲೇ ಗುಂಡಿನ ಹೊರಕವಚ ಒತ್ತುವ ಡೈಗಳನ್ನು ಮಾಡಿದ. ಕಲ್ಲುಬಂಡೆಗಳ ನಡುವೆ ಬಿಲ ತೋಡುವ, ಅಳಿಲಿನ ಕುಲದ ದಪ್ಪ ಪ್ರಾಣಿಯೊಂದಕ್ಕೆ ಅಲ್ಲಿ ರಾಕ್ ಚಕ್ ಎಂಬ ಹೆಸರು. ಅದರ ಬೇಟೆಗೆ ಈ ಗುಂಡು. ರಾಕ್ ಚಕ್ ಬುಲೆಟ್ ಸ್ವೇಜ್ ಎಂಬುದರ ಮೊದಲಕ್ಷರಗಳೇ ಆರ್‌ಸಿಬಿಎಸ್. ಅವರ ಹಸಿರು ಬಣ್ಣದ ರಾಕ್ ಚಕರ್ ಪ್ರೆಸ್ ಅಲ್ಲಿ ನಮ್ಮ ಅಟ್ಲಾಸ್ ಸೈಕಲ್ಲಿನಷ್ಟು ಮನೆಮಾತು.

ಅದೇ ಹೊತ್ತಿಗೆ ಐಡಹೊ ರಾಜ್ಯದಲ್ಲಿ ವರ್ನನ್ ಸ್ಪೀರ್, ಯುದ್ಧ ಮುಗಿದ ಮೇಲೆ ನೆಬ್ರಾಸ್ಕದಲ್ಲಿ ಜಾಯ್ಸ್ ಹಾರ್ನಡಿ ಗುಂಡು ತಯಾರಿಸತೊಡಗಿದರು. ಹೆಸರು ನೋಡಿ ಹೆಂಗಸು ಎಂದುಕೊಳ್ಳಬೇಡಿ, ಜಾಯ್ಸ್ ಗಂಡಸೇ. ಕನ್ಸಾಸ್ ಕಡೆಯ ಬ್ರೂಸ್ ಹಾಜ್‌ಡನ್‌ನದು ಇನ್ನೂ ಸ್ವಾರಸ್ಯದ ಕಥೆ. ಯುದ್ಧ ಮುಗಿದಾಗ ಸರ್ಕಾರದ ಬಳಿ ಬಳಸದ ಮದ್ದು ರಾಶಿ ಬಿದ್ದಿತ್ತು. ಈತ ಜೀವವಿಮೆಯ ಮೇಲೆ ಸಾಲ ಎತ್ತಿ ಅದನ್ನು ಕೊಂಡ. ಇಡಲು ಜಾಗವಿಲ್ಲದೆ ದನ ಮೇಯುವ ಹೊಲವೊಂದರಲ್ಲಿ ಹಳೇ ರೈಲು ಡಬ್ಬಿ ನಿಲ್ಲಿಸಿ ಅದರಲ್ಲಿಟ್ಟ. ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟು ಮಾರಿದ. ಯುದ್ಧದಿಂದ ಮರಳಿದ ಲಕ್ಷಾಂತರ ಯುವಕರಿಗೆ ಬಂದೂಕಿನ ಬಳಕೆ ಇತ್ತು, ಬೇಟೆಯ ಆಸೆ ಇತ್ತು, ಈಗ ಅಗ್ಗದ ಮದ್ದೂ ಸಿಕ್ಕಿತು. ಪ್ರೆಸ್ ಮನೆಮನೆಯ ಗ್ಯಾರೇಜಿಗೆ ಬಂದದ್ದು ಹೀಗೆ.

1958ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಲೀ, ಪ್ರೆಸ್ಸೇ ಬೇಡ, ಬಡಿಗೆ ಸುತ್ತಿಗೆ ಸಾಕು ಎನ್ನುವ ಪುಟ್ಟ ಕಿಟ್ ಹೊರತಂದ. ಅದರ ಇನ್ನೊಂದು ತುದಿಗೆ ಅರಿಜೋನದ ಮೈಕ್ ಡಿಲನ್. ವಿಮಾನದ ಪೈಲಟ್ ಆಗಿದ್ದ ಆತ 1970ರ ದಶಕದಿಂದ ಮನೆಬಳಕೆಗೆ ತಂದ ನೀಲಿ ಯಂತ್ರಗಳಲ್ಲಿ ನಾಲ್ಕೈದು ಡೈಗಳ ಕೆಳಗೆ ಕೊಳವೆಗಳು ಸುತ್ತುತ್ತವೆ, ಹಿಡಿಕೆಯ ಪ್ರತಿ ಎಳೆತಕ್ಕೂ ಒಂದು ಸಿದ್ಧ ತೋಟೆ. ಫೋನಿನಲ್ಲಿ ನಮ್ಮ ಹುಡುಗರು ಬೆರಗಾಗಿ ನೋಡುವುದು ಹೆಚ್ಚಾಗಿ ಇಂಥದ್ದನ್ನೇ.

ಅಲ್ಲಿನವರು ಪ್ರೆಸ್ ಆರಿಸುವಾಗ ಏನು ಲೆಕ್ಕ ಹಾಕುತ್ತಾರೆ? ನಾವು ಟಿಲ್ಲರ್ ಕೊಳ್ಳುವಾಗ ಹಾಕುವ ಲೆಕ್ಕವೇ. ಎಷ್ಟು ಕೆಲಸ ಇದೆ, ಎಷ್ಟು ಪುರುಸೊತ್ತಿದೆ, ಎಷ್ಟು ದುಡ್ಡಿದೆ. ವರ್ಷಕ್ಕೊಮ್ಮೆ ಜಿಂಕೆ ಬೇಟೆಗೆ ಹೋಗುವವನಿಗೆ ಒಂದೇ ಡೈ ಕೂರುವ ಸಾದಾ ಪ್ರೆಸ್ ಧಾರಾಳ. ಐವತ್ತು ಕೊಳವೆಗೆ ಒಂದು ಕೆಲಸ ಮುಗಿಸಿ, ಡೈ ಬದಲಿಸಿ, ಮತ್ತೆ ಐವತ್ತಕ್ಕೂ ಮುಂದಿನ ಕೆಲಸ. ನಿಧಾನ, ಆದರೆ ಪ್ರತಿಯೊಂದೂ ಕಣ್ಣೆದುರು ಹಾದುಹೋಗುತ್ತದೆ. ಚೌಕಟ್ಟು ಸಿ ಆಕಾರದ್ದಾದರೆ ಕೈ ಆಡಿಸಲು ಜಾಗ ಹೆಚ್ಚು, ಆದರೆ ಭಾರಕ್ಕೆ ಬಾಯಿ ಬಿಡುತ್ತದೆ. ಓ ಆಕಾರದ್ದು ಮುಚ್ಚಿದ ಚೌಕಟ್ಟು, ಅಲುಗದು. ಸ್ಪರ್ಧೆಗಳಲ್ಲಿ ವಾರಕ್ಕೆ ನೂರಾರು ಈಡು ಹೊಡೆಯುವವರು ಮಾತ್ರ ಸುತ್ತುವ ಯಂತ್ರಕ್ಕೆ ದುಡ್ಡು ಸುರಿಯುತ್ತಾರೆ. ಮೊದಲ ಸಲ ಕೊಳ್ಳುವವನಿಗೆ ಅಲ್ಲಿನ ಹಳಬರು ಸಾದಾ ಪ್ರೆಸ್ಸನ್ನೇ ಹೇಳುತ್ತಾರೆ.

ಅದಕ್ಕೆ ಕಾರಣ ಮದ್ದಿನ ತೂಕ. ತೂಗುವುದು ಗ್ರೇನ್ ಲೆಕ್ಕದಲ್ಲಿ, ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಚಿನ್ನ ತೂಗುವಾಗ ಗುಲಗಂಜಿ ಹೆಚ್ಚುಕಡಿಮೆಯಾದರೆ ಜಗಳವಾಗುತ್ತದೆ, ಇಲ್ಲಿ ಬಂದೂಕೇ ಸಿಡಿಯುತ್ತದೆ. ಹೊಗೆಯಿಲ್ಲದ ಮದ್ದುಗಳಲ್ಲಿ ಹತ್ತಾರು ಜಾತಿ, ಒಂದರ ಅಳತೆ ಇನ್ನೊಂದಕ್ಕೆ ನಡೆಯದು. ಪಿಸ್ತೂಲಿನ ಕೆಲವು ತೋಟೆಗಳಲ್ಲಿ ಮದ್ದು ಕೊಳವೆಯ ತಳದಲ್ಲಿ ಚಿಟಿಕೆಯಷ್ಟೇ ಇರುತ್ತದೆ. ಯಾಮಾರಿ ಎರಡು ಸಲ ಬಿದ್ದರೂ ಉಕ್ಕಿ ಚೆಲ್ಲುವುದಿಲ್ಲ, ಒಳಗೇ ಹಿಡಿಸುತ್ತದೆ. ಆ ತೋಟೆಯನ್ನು ಹೊರಗಿನಿಂದ ನೋಡಿ ಪತ್ತೆ ಹಚ್ಚಲು ಯಾರಿಗೂ ಆಗದು. ಹಾಗೆ ಬೆರಳು, ಕಣ್ಣು ಕಳೆದುಕೊಂಡವರು ಈ ಕಸುಬು ಹುಟ್ಟಿದ ದೇಶದಲ್ಲೇ ಇದ್ದಾರೆ. ಅದಕ್ಕೇ ಅಲ್ಲಿ ಮದ್ದಿನ ಕಂಪನಿಗಳು ಪರೀಕ್ಷೆ ಮಾಡಿದ ಅಳತೆಗಳ ದಪ್ಪ ಪುಸ್ತಕ ಅಚ್ಚು ಹಾಕುತ್ತವೆ, ಪ್ರೆಸ್ಸಿಗಿಂತ ಮೊದಲು ಆ ಪುಸ್ತಕ ಕೊಳ್ಳಿ ಎನ್ನುತ್ತಾರೆ. ವಿಡಿಯೋದಲ್ಲಿ ಹಿಡಿಕೆ ಕಾಣಿಸುತ್ತದೆ, ಪುಸ್ತಕ ಕಾಣಿಸುವುದಿಲ್ಲ.

ಇನ್ನು ಸೀಸ. ಕರಗಿಸುವಾಗಿನ ಹೊಗೆ, ಖಾಲಿ ಕೊಳವೆ ಉಜ್ಜುವಾಗಿನ ಧೂಳು ಎರಡೂ ಮೈಗೆ ಸೇರುತ್ತವೆ. ಅಡುಗೆಮನೆಯಲ್ಲಿ ಈ ಕೆಲಸ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ ಎಂದು ಅಮೆರಿಕದವರು ಕಲಿತದ್ದು ತಡವಾಗಿ. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವ ನಮ್ಮ ಊರುಗಳಿಗೆ ಈ ಮಾತು ಕೋವಿಯಿಲ್ಲದೆಯೂ ಅನ್ವಯ.

ಉಳಿತಾಯದ ಮಾತಿಗೆ ಬಂದರೆ, ತೋಟೆಗೆ ಖರ್ಚಾಗುವ ದುಡ್ಡು ಉಳಿಯುವುದಿಲ್ಲ, ಅದೇ ದುಡ್ಡಿಗೆ ಜಾಸ್ತಿ ಈಡು ಹೊಡೆಯುತ್ತೇವೆ ಅಷ್ಟೇ ಎಂದು ಅಲ್ಲಿನವರೇ ನಗುತ್ತಾರೆ.

ಈಗ ಹಲಗಲಿಗೆ ಮರಳೋಣ. ಅಮೆರಿಕದ ಬೇಟೆಗಾರ ಬಿಡಾರದಲ್ಲಿ ಕೂತು ತೋಟೆ ತುಂಬುತ್ತಿದ್ದ ದಿನಗಳಲ್ಲೇ, 1878ರಲ್ಲಿ, ವೈಸ್‌ರಾಯ್ ಲಿಟ್ಟನ್ ಭಾರತಕ್ಕೆ ಶಸ್ತ್ರ ಕಾಯ್ದೆ ತಂದ. ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಕೊಡಗಿನವರಿಗೆ ಮಾತ್ರ 1861ರಲ್ಲೇ, ಮಾರ್ಕ್ ಕಬ್ಬನ್‌ನ ಕಾಲದಲ್ಲಿ, ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಸಿಕ್ಕಿತ್ತು. ಹೀಗಾಗಿ ತೋಟೆ ಮರುತುಂಬುವ ಕೆಲಸ ಇಲ್ಲಿ ಹವ್ಯಾಸವಾಗಿ ಬೆಳೆಯಲೇ ಇಲ್ಲ. ಕಾಗದದ ತೋಟೆ ಮಳೆಗಾಲದಲ್ಲಿ ಉಬ್ಬಿ ನಳಿಗೆಗೆ ಹೋಗುವುದಿಲ್ಲವೆಂದು ಬ್ರಿಟನ್ನಿನಿಂದ ಹಿತ್ತಾಳೆಯ ಮರುಬಳಕೆ ತೋಟೆ ತರಿಸಿ ತುಂಬಿಕೊಳ್ಳುತ್ತಿದ್ದವರು ಎಸ್ಟೇಟಿನ ದೊರೆಗಳು ಮತ್ತು ರಾಜಮನೆತನದವರು. ಉಳಿದವರಿಗೆ ಕೇಪಿನ ಕೋವಿ, ಅದೂ ಲೈಸೆನ್ಸ್ ಇದ್ದರೆ.

ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರ ಕಾಯ್ದೆಯೂ ಲೈಸೆನ್ಸ್ ಉಳಿಸಿತು. ನಮ್ಮ ಬೆಳೆರಕ್ಷಣೆ ಕೋವಿಗಳಿಗೆ ಅಂಗಡಿಯಲ್ಲಿ ಸಿಗುವ ಶಕ್ತಿಮಾನ್ ತೋಟೆ ಪುಣೆ ಬಳಿಯ ಖಡ್ಕಿಯ ಸರ್ಕಾರಿ ಕಾರ್ಖಾನೆಯದು. ಈ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪ್ರತ್ಯೇಕ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಸಾಲದು.

ಹೆಚ್ಚಿನವರಿಗೆ ಗೊತ್ತಿಲ್ಲದ್ದು 2ನೇ ಸೆಕ್ಷನ್‌ನಲ್ಲಿದೆ. ಅಲ್ಲಿ ಮದ್ದುಗುಂಡು ಎಂದರೇನು ಎಂದು ವಿವರಿಸುವಾಗ, ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಸೇರಿಸಲಾಗಿದೆ. ಅಂದರೆ ಒಳಗೆ ಚಿಟಿಕೆ ಮದ್ದಿಲ್ಲದ, ಖಾಲಿ ಕಬ್ಬಿಣದ ಪ್ರೆಸ್ಸೇ ನಮ್ಮ ಕಾನೂನಿನ ಕಣ್ಣಿಗೆ ಮದ್ದುಗುಂಡು. "ಬರೀ ಯಂತ್ರ ತಾನೇ ಸಾರ್" ಎಂಬ ಮಾತು ಠಾಣೆಯಲ್ಲಿ ನಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ನಾಡಕೋವಿ, ಮಸಿ, ಚರೆ ವಶ ಎಂಬ ಎರಡು ಸಾಲಿನ ಸುದ್ದಿಯನ್ನು ನಾವು ಜಿಲ್ಲೆಯಿಂದ ಆಗಾಗ ಕಳಿಸುತ್ತೇವೆ. ಆ ಎರಡು ಸಾಲಿನ ಹಿಂದೆ ಒಂದು ಮನೆಯ ಏಳು ವರ್ಷ ಇರಬಹುದು ಎಂಬುದು ಸುದ್ದಿಯಲ್ಲಿ ಬರುವುದಿಲ್ಲ.

ಕೊಡಗಿನ ಗೆಳೆಯರು ಒಂದು ಪ್ರಶ್ನೆ ಕೇಳಬಹುದು. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊದ್‌ನಲ್ಲಿ ಕೋವಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಈಡು ಹೊಡೆಯುತ್ತಾರೆ, ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ತೋಟೆ ತಯಾರಿಸುವುದಕ್ಕಲ್ಲ.